ಎಳೆಯ ದಿಕ್ಕು, ಪದರದ ಲೆಕ್ಕ
ಕಾರ್ಬನ್ ಫೈಬರ್ ದೋಟಿಯನ್ನು ಕೊಳ್ಳುವವರೂ ಮಾರುವವರೂ ತಿಳಿದಿರಬೇಕಾದ ಸಂಗತಿಗಳು

ತೂಕ ನೋಡಿ ಬೆಲೆ ಕಟ್ಟುವುದು ವರ್ತಕ ವೃತ್ತಿಯ ಹಳೆಯ ಪದ್ಧತಿ. ಆದರೆ ತಕ್ಕಡಿಯೊಂದನ್ನೇ ನಂಬಿದರೆ ಸಾಲದೆಂಬುದನ್ನು ಕೊಡಗಿನ ವರ್ತಕರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕಾಫಿ ವ್ಯಾಪಾರಿ ಔಟ್‌ಟರ್ನ್ ನೋಡದೆ ದರ ಹೇಳುವುದಿಲ್ಲ. ಕರಿಮೆಣಸಿನ ವ್ಯಾಪಾರಿ ಲೀಟರ್ ತೂಕ ಮತ್ತು ತೇವಾಂಶ ನೋಡದೆ ಚೀಲ ಇಳಿಸಿಕೊಳ್ಳುವುದಿಲ್ಲ. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ, ಒಂದೇ ತೂಕದ ಎರಡು ಚೀಲಗಳ ಒಳಗಿನ ಮೌಲ್ಯ ಬೇರೆ ಬೇರೆಯಾಗಿರುತ್ತದೆ ಎಂಬುದು ಅನುಭವ ಕಲಿಸಿದ ಪಾಠ.

ಈಚಿನ ವರ್ಷಗಳಲ್ಲಿ ನಮ್ಮ ತೋಟಗಳಿಗೆ ಕಾಲಿಟ್ಟಿರುವ ಒಂದು ಸರಕಿನ ವಿಷಯದಲ್ಲಿ ಮಾತ್ರ ಈ ಪಾಠವನ್ನು ನಾವು ಇನ್ನೂ ಅನ್ವಯಿಸಿಕೊಂಡಂತಿಲ್ಲ. ಅದು ಕಾರ್ಬನ್ ಫೈಬರಿನ ದೋಟಿ. ಅಡಿಕೆ ಮರ ಹತ್ತುವ ನುರಿತ ಕಾರ್ಮಿಕರು ವಿರಳವಾಗಿರುವುದರಿಂದ ದಕ್ಷಿಣ ಕನ್ನಡ, ಮಲೆನಾಡು ಮತ್ತು ನಮ್ಮ ಸಂಪಾಜೆ, ಭಾಗಮಂಡಲ ಕಡೆಯ ತೋಟಗಳಲ್ಲಿ ನೆಲದ ಮೇಲೆ ನಿಂತೇ ಗೊನೆ ಇಳಿಸಲು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಇದಕ್ಕೆ ಬೇಡಿಕೆ ಬಂದಿದೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಆದರೂ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಮೂರೇ: ಎಷ್ಟು ಅಡಿ, ಎಷ್ಟು ಕಿಲೋ, ಎಷ್ಟು ರೂಪಾಯಿ?

ನಾಲ್ಕನೆಯ ಪ್ರಶ್ನೆಯೊಂದು ಇದೆ. ಅದಿಲ್ಲದೆ ಮೊದಲ ಮೂರಕ್ಕೆ ಅರ್ಥವಿಲ್ಲ. ಕೊಳವೆಯ ಗೋಡೆಯೊಳಗೆ ಎಳೆಗಳು ಯಾವ ದಿಕ್ಕಿಗೆ, ಯಾವ ಕ್ರಮದಲ್ಲಿ, ಎಷ್ಟು ಪದರಗಳಲ್ಲಿ ಕುಳಿತಿವೆ? ಈ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಸದಸ್ಯ ಮಿತ್ರರಿಗೆ ಪರಿಚಯಿಸುವುದು.

ಬಿದಿರಿನಲ್ಲಿರುವ ತತ್ತ್ವ

ದೋಟಿಗೆ ನಮ್ಮ ಹಿರಿಯರು ಬಿದಿರನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಬಿದಿರು ಪ್ರಕೃತಿಯೇ ತಯಾರಿಸಿದ ಸಂಯುಕ್ತ ವಸ್ತು. ಗಟ್ಟಿಯಾದ ನಾರುಗಳು ಉದ್ದಕ್ಕೆ ಸಾಗುತ್ತವೆ, ಅವನ್ನು ಮೃದುವಾದ ತಿರುಳು ಹಿಡಿದಿಟ್ಟುಕೊಂಡಿರುತ್ತದೆ. ಹೊರಗೋಡೆಯ ಕಡೆಗೆ ನಾರು ಹೆಚ್ಚು ದಟ್ಟ. ಬಾಗುವಿಕೆಯನ್ನು ತಡೆಯಲು ಬಲ ಬೇಕಾದದ್ದೂ ಅಲ್ಲಿಯೇ. ಆದರೆ ಅದೇ ಬಿದಿರಿಗೆ ಕತ್ತಿ ತಾಗಿಸಿ ಒಂದೇಟು ಹಾಕಿದರೆ ಉದ್ದಕ್ಕೆ ಸೀಳಿಕೊಳ್ಳುತ್ತದೆ, ಏಕೆಂದರೆ ಅಡ್ಡಕ್ಕೆ ಹಿಡಿಯುವ ನಾರು ಬಹಳ ಕಡಿಮೆ. ಆ ಕೊರತೆಯನ್ನು ಅಲ್ಲಲ್ಲಿ ಇರುವ ಗಂಟುಗಳು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತವೆ.

ಕಾರ್ಬನ್ ಫೈಬರಿನ ಕಥೆಯೂ ಇದೇ. ಕೂದಲಿಗಿಂತ ಬಹಳ ತೆಳುವಾದ ಇಂಗಾಲದ ಎಳೆಗಳನ್ನು ಎಪಾಕ್ಸಿಯಂತಹ ರಾಳದಲ್ಲಿ ಕೂರಿಸಿ, ಬಿಸಿಯಲ್ಲಿ ಗಟ್ಟಿಗೊಳಿಸಿದರೆ ಸಂಯುಕ್ತ ವಸ್ತು ಸಿದ್ಧವಾಗುತ್ತದೆ. ಬಲವೆಲ್ಲ ಎಳೆಯದು. ಎಳೆಗಳನ್ನು ಜೊತೆಗಿರಿಸಿ, ಒಂದರ ಭಾರವನ್ನು ಇನ್ನೊಂದಕ್ಕೆ ದಾಟಿಸುವುದಷ್ಟೇ ರಾಳದ ಕೆಲಸ. ಆದುದರಿಂದ ಈ ವಸ್ತುವಿಗೆ ಉಕ್ಕಿನಂತೆ ಎಲ್ಲ ದಿಕ್ಕಿಗೂ ಒಂದೇ ಗುಣವಿಲ್ಲ. ಎಳೆ ಸಾಗಿದ ದಿಕ್ಕಿಗೆ ಅದು ಶ್ರೀಮಂತ, ಅಡ್ಡ ದಿಕ್ಕಿಗೆ ಬಡವ.

ಕೋನ ತಪ್ಪಿದರೆ ಕಳೆದುಕೊಳ್ಳುವುದೆಷ್ಟು?

ಒಂದು ವಸ್ತು ಹಿಗ್ಗದೆ, ಬಾಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದನ್ನು ಎಂಜಿನಿಯರುಗಳು ಗಿಗಾಪ್ಯಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಉಕ್ಕಿನದು ಸುಮಾರು 200. ಸಾಮಾನ್ಯ ದರ್ಜೆಯ ಕಾರ್ಬನ್ ಎಳೆಯದು ಸುಮಾರು 230, ಆದರೆ ಅದರ ಸಾಂದ್ರತೆ ಉಕ್ಕಿನ ಕಾಲುಭಾಗಕ್ಕಿಂತಲೂ ಕಡಿಮೆ. ಗಾತ್ರದಲ್ಲಿ ಶೇಕಡಾ 60ರಷ್ಟು ಎಳೆ, ಉಳಿದದ್ದು ರಾಳ ಎಂಬ ಪ್ರಮಾಣದಲ್ಲಿ ಬೆರೆಸಿದಾಗ ಎಳೆಯ ದಿಕ್ಕಿನಲ್ಲಿ ಸುಮಾರು 135 ದೊರೆಯುತ್ತದೆ. ಅಡ್ಡ ದಿಕ್ಕಿನಲ್ಲಿ ದೊರೆಯುವುದು ಸುಮಾರು 10 ಮಾತ್ರ.

ಈ ಎರಡರ ನಡುವೆ ಇಳಿಕೆ ನಿಧಾನವಾಗಿ ಆಗುತ್ತದೆಂದು ಯಾರಾದರೂ ಊಹಿಸಿದರೆ ಅದು ಸಹಜ. ವಾಸ್ತವ ಹಾಗಿಲ್ಲ. ಎಲ್ಲ ಎಳೆಗಳೂ ಒಂದೇ ಕಡೆಗೆ ಓರೆಯಾಗಿರುವ ಪಟ್ಟಿಯೊಂದನ್ನು ಉದ್ದಕ್ಕೆ ಎಳೆದರೆ, ಪಠ್ಯಪುಸ್ತಕದ ಸೂತ್ರದ ಪ್ರಕಾರ ಬಿಗಿತನ ಹೀಗೆ ಬರುತ್ತದೆ: 0 ಡಿಗ್ರಿಯಲ್ಲಿ 135, 5 ಡಿಗ್ರಿ ಓರೆಯಾದರೆ ಸುಮಾರು 114, 10 ಡಿಗ್ರಿಗೆ ಸುಮಾರು 78, 45 ಡಿಗ್ರಿಗೆ ಸುಮಾರು 13. ಕಣ್ಣಿಗೆ ಕಂಡೂ ಕಾಣದಂತಹ 10 ಡಿಗ್ರಿ ಓರೆಯಿಂದ ಶೇಕಡಾ 40ಕ್ಕೂ ಹೆಚ್ಚು ಬಿಗಿತನ ಕೈಬಿಟ್ಟು ಹೋಗುತ್ತದೆ. ಎಳೆಯ ತೂಕ, ರಾಳದ ತೂಕ, ಕೊಂಡ ಬೆಲೆ ಯಾವುದೂ ಬದಲಾಗಿರುವುದಿಲ್ಲ. ಇಂತಹ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣಿಸುವುದಿಲ್ಲ.

ಸಮತೋಲನ: ಜಮೆ ಮತ್ತು ಖರ್ಚಿನ ನಿಯಮ

ಇಷ್ಟು ದೊಡ್ಡ ಇಳಿಕೆಗೆ ಕಾರಣವೇನು? ಓರೆಯಾದ ಎಳೆಗಳಿರುವ ಪಟ್ಟಿಯನ್ನು ಎಳೆದಾಗ ಎಳೆಗಳು ಎಳೆತದ ದಿಕ್ಕಿಗೆ ತಿರುಗಲು ಹವಣಿಸುತ್ತವೆ. ಪಟ್ಟಿ ಬರಿಯ ಉದ್ದವಾಗುವುದಿಲ್ಲ, ಓರೆಗೂ ಜಾರುತ್ತದೆ. ಅದೇ ಪಟ್ಟಿಯನ್ನು ಕೊಳವೆಯಾಗಿ ಸುತ್ತಿದ್ದರೆ ಎಳೆದಾಗ ಕೊಳವೆ ತನ್ನಷ್ಟಕ್ಕೆ ತಿರುಚಿಕೊಳ್ಳುತ್ತದೆ. ಒಂದೇ ಕಡೆಗೆ ಹೊಸೆದ ತೆಂಗಿನ ನಾರಿನ ಹುರಿಗೆ ಭಾರ ಕಟ್ಟಿ ತೂಗುಬಿಟ್ಟರೆ ಅದು ಗಿರ್ರನೆ ತಿರುಗಿ ಬಿಚ್ಚಿಕೊಳ್ಳುವುದನ್ನು ಎಲ್ಲರೂ ನೋಡಿರುತ್ತೇವೆ. ಹಗ್ಗ ಹೊಸೆಯುವವರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಹುರಿಯನ್ನು ಒಂದು ಕಡೆಗೆ ಹೊಸೆದು, ಹುರಿಗಳನ್ನು ಕೂಡಿಸಿ ಹಗ್ಗ ಮಾಡುವಾಗ ವಿರುದ್ಧ ಕಡೆಗೆ ಹೊಸೆಯುತ್ತಾರೆ. ಒಂದರ ತಿರುಚನ್ನು ಇನ್ನೊಂದು ಕಟ್ಟಿಹಾಕುತ್ತದೆ.

ಕಾರ್ಬನ್ ಫೈಬರಿನಲ್ಲಿ ಇದರ ಹೆಸರೇ ಸಮತೋಲಿತ ಜೋಡಣೆ. ನಿಯಮ ಒಂದೇ ಸಾಲಿನದು: ಬಲಕ್ಕೆ ಓರೆಯಾದ ಪ್ರತಿಯೊಂದು ಪದರಕ್ಕೂ ಅದೇ ವಸ್ತುವಿನ, ಅದೇ ದಪ್ಪದ, ಅಷ್ಟೇ ಕೋನದಲ್ಲಿ ಎಡಕ್ಕೆ ಓರೆಯಾದ ಇನ್ನೊಂದು ಪದರ ಇರಲೇಬೇಕು. +45 ಇದ್ದಲ್ಲಿ −45, +10 ಇದ್ದಲ್ಲಿ −10. ಜೋಡಿ ನಮೂದಿನ ಲೆಕ್ಕಪದ್ಧತಿಯಲ್ಲಿ ಪ್ರತಿಯೊಂದು ಖರ್ಚಿಗೂ ಅಷ್ಟೇ ಮೊತ್ತದ ಜಮೆ ಇರಬೇಕೆಂಬ ನಿಯಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇದರ ಲಾಭವನ್ನು ಅಂಕೆಯಲ್ಲಿ ನೋಡೋಣ. ಎಲ್ಲ ಪದರಗಳೂ +10 ಡಿಗ್ರಿಯಲ್ಲಿದ್ದಾಗ 78 ಇದ್ದ ಬಿಗಿತನ, ಅರ್ಧ ಪದರಗಳನ್ನು −10 ಡಿಗ್ರಿಗೆ ತಿರುಗಿಸಿದರೆ ಅದೇ ಸೂತ್ರಗಳ ಪ್ರಕಾರ ಸುಮಾರು 124ಕ್ಕೆ ಏರುತ್ತದೆ. ಎಳೆ ಅಷ್ಟೇ, ತೂಕ ಅಷ್ಟೇ, ಕಚ್ಚಾವಸ್ತುವಿನ ವೆಚ್ಚವೂ ಅಷ್ಟೇ. ಹೆಚ್ಚಿದ್ದು ಸುಮಾರು ಶೇಕಡಾ 60ರಷ್ಟು ಬಿಗಿತನ. ಬಂಡವಾಳ ಹೂಡದೆ ಬರುವ ಇಂತಹ ಲಾಭ ವ್ಯಾಪಾರದಲ್ಲಿ ಅಪರೂಪ. ಒಂದೇ ತೂಕದ ಎರಡು ದೋಟಿಗಳಲ್ಲಿ ಒಂದು ನೆಟ್ಟಗೆ ನಿಂತು ಇನ್ನೊಂದು ಬಳುಕುವುದಕ್ಕೆ ಇಂತಹ ವ್ಯತ್ಯಾಸವೂ ಕಾರಣವಾಗಿರಬಹುದು.

ತಾಳೆಯಾದರೆ ಸಾಲದು

ತಾಳೆಪಟ್ಟಿಯ ಎರಡೂ ಬದಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕವೆಲ್ಲ ಸರಿಯೆಂದು ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ. ಮೊತ್ತ ಸರಿಯಿದ್ದು ತಪ್ಪು ಖಾತೆಗೆ ಬರೆದಿರಬಹುದು. ಪದರಗಳ ವಿಷಯದಲ್ಲೂ ಇಂತಹದೇ ಎರಡನೆಯ ಪರೀಕ್ಷೆ ಇದೆ. ಅದು ಸಮಮಿತಿ. ದಪ್ಪದ ನಡುವೆ ಒಂದು ಗೆರೆ ಎಳೆದರೆ, ಗೆರೆಯ ಮೇಲಿನ ಪದರಗಳ ಕ್ರಮ ಕೆಳಗಿನ ಕ್ರಮದ ಕನ್ನಡಿಬಿಂಬದಂತಿರಬೇಕು.

ಇದನ್ನು ನಮ್ಮ ಜಿಲ್ಲೆಗೆ ಪ್ಲೈವುಡ್ಡಿನಷ್ಟು ಚೆನ್ನಾಗಿ ಇನ್ನಾವುದೂ ವಿವರಿಸಲಾರದು. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರ ಕೊನೆಗೆ ಸುಲಿದ ಹಾಳೆಗಳಾಗಿ ಪ್ಲೈವುಡ್ ಕಾರ್ಖಾನೆ ಸೇರುತ್ತದೆ. ಅಲ್ಲಿ ಹಾಳೆಗಳನ್ನು ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಅಂಟಿಸುತ್ತಾರೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ 3, 5, 7 ಹೀಗೆ ಬೆಸವೇ. ಎರಡೇ ಹಾಳೆಗಳನ್ನು ಅಡ್ಡಡ್ಡ ಅಂಟಿಸಿದರೆ ಮಳೆಗಾಲದ ತೇವಕ್ಕೆ ಒಂದು ಹಾಳೆ ಹಿಗ್ಗುವಾಗ ಇನ್ನೊಂದು ತಡೆದು, ಹಲಗೆ ಬಿಲ್ಲಿನಂತೆ ಬಾಗುತ್ತದೆ. ಮೂರನೆಯ ಹಾಳೆ ಎದುರು ಬದಿಯಲ್ಲಿ ಕುಳಿತಾಗ ಎರಡೂ ಕಡೆಯ ಎಳೆತ ಸಮವಾಗಿ ಹಲಗೆ ಸಪಾಟಾಗಿ ಉಳಿಯುತ್ತದೆ.

ಕಾರ್ಬನ್ ಫೈಬರಿನಲ್ಲಿ ತೇವದ ಬದಲು ಮುಖ್ಯವಾಗಿ ಶಾಖ ಈ ಕೆಲಸ ಮಾಡುತ್ತದೆ. ರಾಳವನ್ನು ಗಟ್ಟಿಗೊಳಿಸಲು ಸಾಮಾನ್ಯವಾಗಿ 120ರಿಂದ 180 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ತಣಿಯುವಾಗ ಪದರ ತನ್ನ ಎಳೆಯ ದಿಕ್ಕಿಗೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡ ದಿಕ್ಕಿಗೆ ಕುಗ್ಗುತ್ತದೆ. ಜೋಡಣೆ ಸಮಮಿತವಲ್ಲದಿದ್ದರೆ ಅಚ್ಚಿನಿಂದ ಹೊರಬಂದ ತಟ್ಟೆ ಸುರುಳಿಕೊಳ್ಳುತ್ತದೆ. ಸಮತೋಲನ ಮತ್ತು ಸಮಮಿತಿ ಎರಡನ್ನೂ ಪಾಲಿಸುವ ಪ್ರಸಿದ್ಧ ಕ್ರಮ ಎಂಟು ಪದರಗಳದ್ದು: 0, +45, −45, 90; ಮತ್ತೆ ಹಿಮ್ಮುಖವಾಗಿ 90, −45, +45, 0. ಮುಚ್ಚಿದ ಕೊಳವೆ ತನ್ನ ಆಕಾರದಿಂದಲೇ ಬಾಗುವಿಕೆಯನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವುದರಿಂದ ದೋಟಿಯಲ್ಲಿ ಸಮಮಿತಿಯ ಲೋಪ ಬೇಗ ಕಣ್ಣಿಗೆ ಬೀಳುವುದಿಲ್ಲ. ಆದರೆ ಗಾಜಿನ ಎಳೆಯಿಂದ ಹಲಗೆ, ಬಾಗಿಲು, ಮುಚ್ಚಳ ಮೊದಲಾದ ಚಪ್ಪಟೆ ಸರಕು ತಯಾರಿಸುವ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದು ನಿತ್ಯದ ಪ್ರಶ್ನೆ. ಸರಕು ಸೊಟ್ಟಗಾಗಿ ಹಿಂತಿರುಗಿ ಬಂದರೆ ರಾಳವನ್ನು ದೂರುವ ಮೊದಲು ಪದರಗಳ ಕ್ರಮವನ್ನು ಪರಿಶೀಲಿಸುವುದು ಒಳಿತು.

ವಿಮಾನದಿಂದ ತೋಟಕ್ಕೆ

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಹಗುರ ಯುದ್ಧವಿಮಾನ, ಮುಂದೆ ತೇಜಸ್ ಎಂಬ ಹೆಸರು ಪಡೆದದ್ದು, ತನ್ನ ಕವಚದ ತೂಕದಲ್ಲಿ ಸುಮಾರು ಶೇಕಡಾ 45ರಷ್ಟನ್ನು ಸಂಯುಕ್ತ ವಸ್ತುಗಳಿಂದಲೇ ಪಡೆದಿದೆ. ಅದರ ಹಿಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ದೀರ್ಘ ಪರಿಶ್ರಮವಿದೆ. ವಿಮಾನದ ರೆಕ್ಕೆಯಲ್ಲಿ ಪದರವೊಂದರ ಕೋನವನ್ನು ನಕ್ಷೆಯಲ್ಲಿ ಬರೆದು, ಹಾಸಿದ ಮೇಲೆ ಪರೀಕ್ಷಿಸಿ, ದಾಖಲೆಯಲ್ಲಿ ನಮೂದಿಸುತ್ತಾರೆ.

ಸಮತೋಲನವನ್ನು ಬೇಕೆಂದೇ ಮುರಿಯುವ ಸಂದರ್ಭವೂ ಉಂಟು. 1984ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹಾರಿದ ಎಕ್ಸ್-29 ಎಂಬ ಪ್ರಾಯೋಗಿಕ ವಿಮಾನದ ರೆಕ್ಕೆಗಳು ಮುಂದಕ್ಕೆ ಚಾಚಿದ್ದವು. ಅಂತಹ ರೆಕ್ಕೆ ಗಾಳಿಯ ಒತ್ತಡಕ್ಕೆ ಬಾಗಿದಾಗ ತಿರುಚಿಕೊಂಡು ಮುರಿಯುವ ಅಪಾಯವಿತ್ತು. ಕಾರ್ಬನ್ ಪದರಗಳನ್ನು ಲೆಕ್ಕ ಹಾಕಿ ಓರೆಯಾಗಿ ಹಾಸಿ, ಬಾಗಿದಾಗ ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳುವಂತೆ ಮಾಡಿ ಆ ಅಪಾಯವನ್ನು ತಪ್ಪಿಸಿದರು. ನಿಯಮ ತಿಳಿದು ಮುರಿಯುವುದಕ್ಕೂ ತಿಳಿಯದೆ ಮುರಿಯುವುದಕ್ಕೂ ಇರುವ ಅಂತರ ಇದು.

ದೋಟಿಗೆ ಎಂತಹ ಜೋಡಣೆ ಬೇಕು?

ದೋಟಿಯ ಮೇಲೆ ಮೂರು ಬಗೆಯ ಭಾರ ಬೀಳುತ್ತದೆ. ಮೊದಲನೆಯದು ಬಾಗಿಸುವ ಭಾರ. ಇದನ್ನು ತಡೆಯುವುದು ಉದ್ದಕ್ಕೆ ಸಾಗುವ 0 ಡಿಗ್ರಿಯ ಎಳೆಗಳು. ಒಂದೇ ಗಾತ್ರದ ಕೊಳವೆ ಅಡ್ಡಲಾಗಿ ಚಾಚಿ ನಿಂತಾಗ ಸ್ವಂತ ಭಾರಕ್ಕೆ ತೂಗುವ ಪ್ರಮಾಣ ಉದ್ದದ ನಾಲ್ಕನೆಯ ಘಾತದಂತೆ ಏರುತ್ತದೆ. 40 ಅಡಿಯನ್ನು 60 ಅಡಿ ಮಾಡಿದರೆ ಉದ್ದ ಒಂದೂವರೆ ಪಟ್ಟು, ತೂಗುವುದು ಐದು ಪಟ್ಟು. 40 ಅಡಿಯಲ್ಲಿ ಮೆಚ್ಚುಗೆಯಾದ ಕೊಳವೆಗೆ ಇನ್ನೊಂದು ತುಂಡು ಸೇರಿಸಿ 60 ಅಡಿಗೆ ಮಾರುವುದು ಈ ಕಾರಣದಿಂದ ಸರಿಯಲ್ಲ.

ಎರಡನೆಯದು ತಿರುಚುವ ಭಾರ. ಕತ್ತಿ ಕೊಳವೆಯ ನಡುಗೆರೆಯಿಂದ ಪಕ್ಕಕ್ಕೆ ಇರುವುದರಿಂದ ಗೊನೆ ಎಳೆದಾಗಲೆಲ್ಲ ದೋಟಿ ತಿರುಗಲು ನೋಡುತ್ತದೆ. ಎಲ್ಲ ಎಳೆಗಳೂ ಉದ್ದಕ್ಕೇ ಇದ್ದರೆ ತಿರುಚನ್ನು ತಡೆಯುವ ಬಿಗಿತನ ಸುಮಾರು 5 ಗಿಗಾಪ್ಯಾಸ್ಕಲ್ ಮಾತ್ರ. +45 ಮತ್ತು −45ರ ಸಮತೋಲಿತ ಜೋಡಿಯಲ್ಲಿ ಅದು ಸುಮಾರು 35, ಅಂದರೆ ಏಳು ಪಟ್ಟು. ಆದರೆ ಆ ಜೋಡಿಯ ಉದ್ದದ ಬಿಗಿತನ ಕೇವಲ 18ರ ಸುಮಾರು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಮನೆಯ ಆಯವ್ಯಯದಂತೆ ಇಲ್ಲಿಯೂ ಪ್ರತಿಯೊಂದು ಬಾಬಿಗೂ ಹಂಚಿಕೆ ಮಾಡಬೇಕು.

ಮೂರನೆಯದು ಹಿಸುಕುವ ಭಾರ. ಒಂದರೊಳಗೊಂದು ಸೇರುವ ತುಂಡುಗಳನ್ನು ಕ್ಲಾಂಪ್ ಬಿಗಿದು ನಿಲ್ಲಿಸುವ ಜಾಗದಲ್ಲಿ ಬಳೆಯಂತೆ ಸುತ್ತುವ 90 ಡಿಗ್ರಿಯ ಪದರ ಇಲ್ಲದಿದ್ದರೆ ಕೊಳವೆ ಬಿದಿರಿನಂತೆಯೇ ಸೀಳುತ್ತದೆ. ಒಳ್ಳೆಯ ದೋಟಿಯಲ್ಲಿ ಹೆಚ್ಚಿನ ಪಾಲು ಉದ್ದದ ಎಳೆಗಳಿದ್ದು, ಜೊತೆಗೆ ಓರೆ ಎಳೆಗಳ ಸಮ ಜೋಡಿ ಮತ್ತು ಬಳೆ ಪದರ ಇರಬೇಕೆಂಬುದು ಇದರ ಸಾರ.

ಇಲ್ಲಿ ಒಂದು ಎಚ್ಚರಿಕೆ. ಹೊರಮೈಯಲ್ಲಿ ಕಾಣುವ ಹೊಳಪಿನ ನೇಯ್ಗೆ ಇಡೀ ಗೋಡೆಯ ಜಾತಕವಲ್ಲ. ಅದು ಅಲಂಕಾರದ ಒಂದೇ ಪದರವಾಗಿರಬಹುದು, ಒಳಗೆ ಗಾಜಿನ ಎಳೆ ಇರಬಹುದು. ಮಾರಾಟಗಾರರು ಹೇಳುವ 3ಕೆ ಎಂಬುದು ಒಂದು ಕಟ್ಟಿನಲ್ಲಿ 3,000 ಎಳೆಗಳಿವೆ ಎಂಬುದರ ಸೂಚನೆ ಮಾತ್ರ. ಅದು ಗುಣಮಟ್ಟದ ದರ್ಜೆಯಲ್ಲ.

ಜೀವದ ಪ್ರಶ್ನೆ

ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಈ ಒಂದು ವಾಕ್ಯವನ್ನು ಪ್ರತಿಯೊಂದು ಅಂಗಡಿಯ ಗೋಡೆಯ ಮೇಲೆ ಬರೆದು ಹಾಕಬೇಕು. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಕಾರ್ಮಿಕರು ಪ್ರಾಣ ಕಳೆದುಕೊಂಡ ದುರಂತಗಳನ್ನು ನಮ್ಮ ಜಿಲ್ಲೆ ಕಂಡಿದೆ. ದೋಟಿ ಏಣಿಗಿಂತ ಎತ್ತರಕ್ಕೆ ಹೋಗುತ್ತದೆ. ಕಪ್ಪು ಬಣ್ಣದ, ಪ್ಲಾಸ್ಟಿಕ್ಕಿನಂತೆ ಕಾಣುವ ಈ ಕೋಲನ್ನು ವಿದ್ಯುತ್ ಹರಿಯದ ವಸ್ತುವೆಂದು ಕಾರ್ಮಿಕರು ಭಾವಿಸಿದರೆ ಅದು ಅವರ ತಪ್ಪಲ್ಲ. ಹೇಳದೆ ಮಾರಿದವರ ತಪ್ಪು.

ಗಾಜಿನ ಎಳೆ ವಿದ್ಯುತ್ ಹರಿಸುವುದಿಲ್ಲ. ಕೈ ಹಿಡಿಯುವ ಬುಡದ ತುಂಡನ್ನು ಪೂರ್ತಿ ಗಾಜಿನ ಎಳೆಯಿಂದ ಮಾಡಿದರೆ ಅಪಾಯ ತಗ್ಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಮಳೆಯಲ್ಲಿ ನೆನೆದ, ಬೋರ್ಡೋ ದ್ರಾವಣ ಹರಿದಿಳಿದ ಮೈಯ ಮೇಲೆ ವಿದ್ಯುತ್ ದಾರಿ ಮಾಡಿಕೊಳ್ಳಬಲ್ಲದು. ತಂತಿಯ ಸಮೀಪದ ಮರಗಳಿಗೆ ದೋಟಿ ಎತ್ತದಿರುವುದು, ಎತ್ತಲೇಬೇಕಾದರೆ ವಿದ್ಯುತ್ ನಿಗಮದವರಿಗೆ ತಿಳಿಸಿ ಮಾರ್ಗದ ಸರಬರಾಜನ್ನು ನಿಲ್ಲಿಸಿಕೊಳ್ಳುವುದು, ಇವೆರಡೇ ಸರಿಯಾದ ದಾರಿ. ಹಾಗೆಯೇ, ಕಾರ್ಬನ್ನಿಗೆ ನೇರ ತಾಗಿದ ಅಲ್ಯೂಮಿನಿಯಂ ಒದ್ದೆಯಲ್ಲಿ ಬೇಗ ಸವೆಯುತ್ತದೆ. ಕ್ಲಾಂಪಿನ ಕೆಳಗೆ ಗಾಜಿನ ಎಳೆಯ ಪಟ್ಟಿಯೊಂದು ಇದ್ದರೆ ಆ ಸವೆತವೂ ತಪ್ಪುತ್ತದೆ.

ವರ್ತಕರ ಹೊಣೆ

2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅದರ 86ನೆಯ ಪ್ರಕರಣದ ಪ್ರಕಾರ ಸರಕನ್ನು ತಾನು ತಯಾರಿಸದಿದ್ದರೂ ಮಾರಾಟಗಾರ ಕೆಲವು ಸಂದರ್ಭಗಳಲ್ಲಿ ಹೊಣೆಯಾಗುತ್ತಾನೆ. ತಯಾರಕನು ಯಾರೆಂದು ತಿಳಿಯದಿದ್ದಾಗ, ಸರಕನ್ನು ಮಾರ್ಪಡಿಸಿ ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾದಾಗ, ತಯಾರಕನು ಕೊಡದ ಖಾತರಿಯನ್ನು ತಾನಾಗಿ ಕೊಟ್ಟು ಸರಕು ಅದಕ್ಕೆ ತಕ್ಕಂತಿಲ್ಲದಿದ್ದಾಗ, ತಯಾರಕನ ಎಚ್ಚರಿಕೆಯನ್ನು ಗ್ರಾಹಕನಿಗೆ ತಲುಪಿಸದಿದ್ದಾಗ ಈ ಹೊಣೆ ಬರಬಹುದು. ಹೆಸರಿಲ್ಲದ ಕೊಳವೆ ತರಿಸಿ, ತಾವೇ ತುಂಡು ಜೋಡಿಸಿ, ಮುರಿಯುವುದೇ ಇಲ್ಲವೆಂದು ಬಾಯಿಮಾತಿನ ಭರವಸೆ ಕೊಟ್ಟು ಮಾರುವವರು ತಮ್ಮ ಸ್ಥಿತಿಯನ್ನು ಈ ಪ್ರಕರಣದೊಡನೆ ಒಮ್ಮೆ ಹೋಲಿಸಿ ನೋಡಬೇಕು.

ಹೊರದೇಶದಿಂದ ತರಿಸುವವರಿಗೆ ಇನ್ನೊಂದು ಮಾತು. 2022ರ ಜನವರಿ 1ರಿಂದ ಸೀಮಾಸುಂಕದ ಪಟ್ಟಿಯಲ್ಲಿ 6815ರ ಕೆಳಗೆ ಕಾರ್ಬನ್ ಎಳೆ, ಅದರ ಬಟ್ಟೆ, ಅದರ ಇತರ ಸರಕು ಎಂದು ಬೇರೆ ಬೇರೆ ಉಪಶೀರ್ಷಿಕೆಗಳಿವೆ. ಬರಿಯ ಕೊಳವೆಗೂ ಕತ್ತಿ ಸಹಿತವಾದ ಪೂರ್ಣ ಉಪಕರಣಕ್ಕೂ ವರ್ಗೀಕರಣ ಒಂದೇ ಎಂದು ಭಾವಿಸದೆ ಮೊದಲೇ ಸಲಹೆ ಪಡೆಯುವುದು ಕ್ಷೇಮ.

ಕೇಳಬೇಕಾದ ಪ್ರಶ್ನೆಗಳು

ದಾಸ್ತಾನಿಗೆ ಆದೇಶ ಕೊಡುವ ಮೊದಲು ತಯಾರಕರಿಂದ ಬರಹದಲ್ಲಿ ಪಡೆಯಬೇಕಾದ ವಿವರಗಳು ಇವು:

1. ಪ್ರತಿಯೊಂದು ತುಂಡಿನ ಪದರಗಳ ಸಂಖ್ಯೆ, ಕೋನ ಮತ್ತು ಕ್ರಮ. ಓರೆ ಪದರಗಳು ಸಮ ಜೋಡಿಯಲ್ಲಿವೆಯೇ?

2. ಯಾವ ಪದರ ಕಾರ್ಬನ್, ಯಾವ ಪದರ ಗಾಜು? ಬುಡದ ತುಂಡು ಯಾವುದರದ್ದು?

3. ಕ್ಲಾಂಪಿನ ಜಾಗದಲ್ಲಿ ಬಳೆ ಪದರ ಇದೆಯೇ? ತುಂಡುಗಳು ಒಂದರೊಳಗೊಂದು ಎಷ್ಟು ಉದ್ದ ಸೇರಿರುತ್ತವೆ?

4. ಪೂರ್ತಿ ಚಾಚಿದಾಗ ತುದಿಯಲ್ಲಿ ಎಷ್ಟು ಭಾರಕ್ಕೆ ಪರೀಕ್ಷಿಸಲಾಗಿದೆ?

5. ತಯಾರಕರ ಹೆಸರು, ವಿಳಾಸ ಮತ್ತು ವಿದ್ಯುತ್ ಎಚ್ಚರಿಕೆ ಕನ್ನಡದಲ್ಲಿ ಕೊಳವೆಯ ಮೇಲೆಯೇ ಮುದ್ರಿತವಾಗಿದೆಯೇ?

ಈ ವಿವರಗಳನ್ನು ಬೀಜಕದಲ್ಲಿಯೋ ಅದಕ್ಕೆ ಲಗತ್ತಿಸಿದ ಹಾಳೆಯಲ್ಲಿಯೋ ನಮೂದಿಸಿಕೊಂಡರೆ ಮುಂದಿನ ವ್ಯಾಜ್ಯ ಅರ್ಧ ಪರಿಹಾರವಾದಂತೆ. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಒಂದೇ ಉದ್ದದ ಎರಡು ತಯಾರಿಕೆಗಳನ್ನು ಬುಡದಲ್ಲಿ ಭದ್ರವಾಗಿ ಬಿಗಿದು, ಅಡ್ಡಲಾಗಿ ಚಾಚಿ, ತುದಿಗೆ ಒಂದೇ ತೂಕ ಕಟ್ಟಿ, ಎಷ್ಟು ಬಾಗುತ್ತದೆಂದು ಅಳೆಯಿರಿ. ಬಳಿಕ ತುದಿಗೆ ಒಂದು ಮೊಳದ ಅಡ್ಡಕೋಲು ಕಟ್ಟಿ, ಅದರ ಕೊನೆಗೆ ತೂಕ ತೂಗುಬಿಟ್ಟು ಎಷ್ಟು ತಿರುಚುತ್ತದೆಂದು ನೋಡಿರಿ. ಎರಡು ಅಳತೆಗಳನ್ನೂ ಬರೆದಿಡಿ. ಗ್ರಾಹಕರೆದುರೇ ಇದನ್ನು ಮಾಡಿ ತೋರಿಸಬಲ್ಲ ವರ್ತಕನಿಗೆ ಬೇರೆ ಜಾಹೀರಾತು ಬೇಕಾಗುವುದಿಲ್ಲ.

ಪದರಗಳ ಪಟ್ಟಿ ಕಾರ್ಬನ್ ಫೈಬರಿನ ಔಟ್‌ಟರ್ನ್ ಇದ್ದಂತೆ. ಅದನ್ನು ಕೊಡಲು ಹಿಂಜರಿಯುವ ತಯಾರಕರ ಸರಕು ಎಷ್ಟೇ ಅಗ್ಗವಾದರೂ ನಮ್ಮ ಗೋದಾಮಿಗೆ ಬರಬಾರದು. ಆ ಕೋಲನ್ನು ಎತ್ತಿ ಹಿಡಿಯುವವನು ತೋಟದ ಕಾರ್ಮಿಕ, ಅದರ ಒಳಗೇನಿದೆ ಎಂದು ಕೇಳುವ ಅವಕಾಶ ಅವನಿಗಿಲ್ಲ. ಆ ಪ್ರಶ್ನೆಯನ್ನು ಅವನ ಪರವಾಗಿ ವರ್ತಕರಾದ ನಾವೇ ಕೇಳಬೇಕಾಗಿದೆ.